ಧಾರಾವಾಹಿಯಿಂದ ತಂದ ತಾಯಿ

ನನ್ನ ಅತ್ತಿಗೆ ಅಪ್ಪಿಯೂ ನಾನೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟು ಮೂರು ವರ್ಷವಾಗಿತ್ತು. ಬಿಡಿಸಿದವಳು ಅವಳೇ. ನನ್ನ ಗಂಡ ವಿಠಲ, ಅಂದರೆ ಅವಳ ತಮ್ಮ, ಬಹರೈನಿನಲ್ಲಿ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಅವನ ಉತ್ತರಕ್ರಿಯೆಯ ಊಟದ ಎಲೆಗಳನ್ನು ಇನ್ನೂ ತೆಗೆದಿರಲಿಲ್ಲ, ಅಪ್ಪಿ ನೆಂಟರೆದುರೇ ನನ್ನನ್ನು ಕೇಳಿದಳು, “ವಿನೋದಾ, ಇನ್ನು ನೀನು ತಾಯಿಮನೆಗೆ ಹೊರಡುವುದು ಯಾವಾಗ?”

ನಮ್ಮಲ್ಲಿ ಮನೆ ಹೆಣ್ಣಿನದು. ತಾಯಿಯಿಂದ ಮಗಳಿಗೆ ಬರುತ್ತದೆ. ಕಾಪುವಿನ ಈ ಮನೆ ಅಪ್ಪಿಯ ಅಜ್ಜಿಯದು, ತಾಯಿಯದು, ಈಗ ಅಪ್ಪಿಯದು. ತಮ್ಮನ ಹೆಂಡತಿ ಎಂದರೆ ತಮ್ಮ ಬದುಕಿರುವವರೆಗಿನ ನೆಂಟಳು. ಹಳೆಯ ಕಟ್ಟಳೆ ಹಾಗೆ. ಕಾನೂನು ಬದಲಾಗಿ ಎಷ್ಟೋ ಕಾಲವಾಗಿದೆ, ಆದರೆ ಅದನ್ನು ಅಪ್ಪಿಗೆ ಹೇಳುವ ಗಂಡಸು ಕಾಪುವಿನಲ್ಲಿ ಇನ್ನೂ ಹುಟ್ಟಿಲ್ಲ. “ಹೋಗುವುದಿಲ್ಲ” ಎಂದೆ. ಅವತ್ತಿನಿಂದ ಮಾತು ನಿಂತಿತು.

ಹೋಗುವುದಾದರೂ ಎಲ್ಲಿಗೆ? ನನ್ನನ್ನು ಸಾಕಿದ ಮನೆ ಮಾರಿಹೋಗಿ ಅಲ್ಲೀಗ ಯಾರದೋ ಟೈಲ್ಸಿನ ಗೋದಾಮು ಉಂಟು.

ಮಾತಿಲ್ಲದೆ ಜಗಳ ಆಡುವುದು ಬಹಳ ಕಷ್ಟ. ಅದಕ್ಕೇ ದೇವರು ನಮಗೆ ಟಿವಿ ಕೊಟ್ಟ ಎಂದು ಕಾಣುತ್ತದೆ. ಆಗ, ಎರಡು ಸಾವಿರದ ಮೂರರಲ್ಲಿ, ಸಂಜೆ ಏಳೂವರೆಗೆ ಒಂದು ಧಾರಾವಾಹಿ ಬರುತ್ತಿತ್ತು. ಕಲ್ಲೂರು ಎಂಬ ಸಣ್ಣ ಹಳ್ಳಿ, ಅಲ್ಲೊಂದು ದೊಡ್ಡ ಮನೆ. ಆ ಹಳ್ಳಿಯಲ್ಲಿ ಯಾರೂ ಗದ್ದೆಗೆ ಇಳಿದದ್ದನ್ನು ನಾನು ನೋಡಲಿಲ್ಲ. ಎಲ್ಲರಿಗೂ ಒಂದೇ ಕೆಲಸ, ಗುಟ್ಟು ಇಟ್ಟುಕೊಳ್ಳುವುದು. ಮನೆಯ ಯಜಮಾನತಿ ದೇವೀರಮ್ಮ, ಗಂಡನನ್ನು ಬಿಟ್ಟು ಬಂದವಳು, ಮಕ್ಕಳಿಲ್ಲದವಳು, ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ. ಅವಳ ತಮ್ಮನ ಹೆಂಡತಿ ಸುಮಿತ್ರಾ, ವಿಧವೆ. ಸುಮಿತ್ರಾಳ ಮಗಳು ಪಲ್ಲವಿ. ನಮ್ಮ ಮನೆಯನ್ನು ಯಾರೋ ಇಣುಕಿ ನೋಡಿ ಬರೆದ ಹಾಗಿತ್ತು.

ಅಪ್ಪಿ ಕುರ್ಚಿಯಲ್ಲಿ, ನಾನು ಒಳಬಾಗಿಲಿನ ಹೊಸ್ತಿಲಲ್ಲಿ. ಅವಳು ಸುಮಿತ್ರಾಳಿಗೆ ಬೈಯುವುದು, ನಾನು ದೇವೀರಮ್ಮನಿಗೆ ಬೈಯುವುದು. ಮನೆಮಾತು ತುಳು ಆದರೂ ಈ ಜಗಳವೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು, ಟಿವಿಯವರಿಗೆ ತುಳು ಬರುವುದಿಲ್ಲವಲ್ಲ.

“ಗಂಡ ಹೋದ ಮೇಲೂ ಆ ಮನೆಯಲ್ಲಿ ನಿನಗೆ ಎಂತ ಕೆಲಸ ಉಂಟು ಸುಮಿತ್ರಾ? ಮಾನ ಮರ್ಯಾದೆ ಇದ್ದವರು ಇಷ್ಟು ದಿನ ಕೂರ್ತಾರಾ?” ಎಂದು ಅಪ್ಪಿ ಕೇಳುವಳು.

“ದೇವೀರಮ್ಮ, ನಿಮ್ಮ ಜೊತೆ ನಿಮ್ಮ ಗಂಡನಿಗೇ ಇರಲಿಕ್ಕೆ ಆಗಲಿಲ್ಲ, ಆ ಸಿಟ್ಟನ್ನು ಇವಳ ಮೇಲೆ ಯಾಕೆ ತೀರಿಸುವುದು?” ಎಂದು ನಾನು ಕೇಳುವೆ. ಅಪ್ಪಿ ಮದುವೆಯಾಗಿ ಒಂದೇ ಮಳೆಗಾಲಕ್ಕೆ ಗಂಡನನ್ನು ಬಿಟ್ಟು ಬಂದವಳು. ಮಕ್ಕಳಿಲ್ಲ. ಬಾಣ ಎಲ್ಲಿ ತಾಗುತ್ತದೆಂದು ನನಗೆ ಗೊತ್ತಿತ್ತು, ಸಂತೋಷದಿಂದಲೇ ಬಿಡುತ್ತಿದ್ದೆ.

ನನ್ನ ಮಗಳು ಚೈತಾಲಿಯೊಡನೆ ಮಾತ್ರ ಇಬ್ಬರೂ ಮಾತಾಡುತ್ತಿದ್ದೆವು. ಅವಳು ಮಣಿಪಾಲದಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಸಂಜೆ ಬಸ್ಸಿಳಿದು ಬರುವುದು ಸ್ವಲ್ಪ ತಡವಾದರೆ ಅಪ್ಪಿ ಗೇಟಿನಲ್ಲಿ ನಿಂತಿರುತ್ತಿದ್ದಳು, ನನಗಿಂತ ಮೊದಲೇ. ಬಂಗುಡೆ ಮೀನಿನ ದೊಡ್ಡ ತುಂಡು ಯಾವತ್ತೂ ಚೈತಾಲಿಯ ಬಟ್ಟಲಿಗೇ. ಆ ಒಂದು ವಿಷಯದಲ್ಲಿ ಅಪ್ಪಿಯನ್ನು ದೂರಲಿಕ್ಕೆ ನನಗೆ ಏನೂ ಸಿಗಲಿಲ್ಲ, ಅದೂ ಒಂದು ಸಿಟ್ಟು.

ಚೈತಾಲಿಗೆ ಒಬ್ಬ ಹುಡುಗ ಒಪ್ಪಿಗೆಯಾಗಿದ್ದ. ಕಾರ್ಕಳದ ಪ್ರಖ್ಯಾತ್, ಮಣಿಪಾಲದಲ್ಲಿ ಹಾಸ್ಟೆಲಿನ ಮೆಸ್ ನಡೆಸುವವನು. ನಮ್ಮ ಜಾತಿಯವನೇ, ಒಳ್ಳೆಯವನೇ. “ಅವನಲ್ಲದಿದ್ದರೆ ನನಗೆ ಮದುವೆಯೇ ಬೇಡ” ಎಂದಳು. ಹೇಳಿದ್ದನ್ನು ಮಾಡುವ ಹುಡುಗಿ ಅವಳು. ಅವನ ತಾಯಿ ಗುಲಾಬಿ ಒಂದು ಭಾನುವಾರ ನೋಡಲು ಬಂದಳು. ಬನ್ಸ್ ತಿಂದಳು, ಚಹಾ ಕುಡಿದಳು, ಚೈತಾಲಿಯ ಗಲ್ಲ ಹಿಡಿದು ಮುದ್ದು ಮಾಡಿದಳು. ಅವಳೂ ಏಳೂವರೆಯ ಧಾರಾವಾಹಿ ನೋಡುವವಳಂತೆ, ಸುಮಿತ್ರಾಳ ಕಷ್ಟ ನೆನೆದು ನಮ್ಮ ಹಜಾರದಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ಕೇಳುವುದನ್ನು ಕೇಳಿದಳು. “ಹುಡುಗಿಯ ಬರಿ ಯಾವುದು?”

ಬರಿ ಎಂದರೆ ತಾಯಿಯ ಕಡೆಯ ಕುಲ. ತಾಯಿಯದು ಯಾವುದೋ ಮಕ್ಕಳದೂ ಅದೇ, ತಂದೆಯದಕ್ಕೆ ಲೆಕ್ಕವಿಲ್ಲ. ಒಂದೇ ಬರಿಯವರು ಎಂದರೆ ಒಡಹುಟ್ಟಿದವರ ಹಾಗೆ, ಮದುವೆಯ ಮಾತೇ ಇಲ್ಲ. ಈಗಿನ ಮಕ್ಕಳು ಒಬ್ಬರನ್ನೊಬ್ಬರು ರಾಶಿ ಕೇಳುತ್ತಾರೆ, ಬರಿ ಕೇಳುವುದಿಲ್ಲ. ನಾನು ಹುಟ್ಟಿದಾಗಿನಿಂದ ಹೇಳಿ ಅಭ್ಯಾಸವಾದದ್ದನ್ನು ಯೋಚಿಸದೆ ಹೇಳಿಬಿಟ್ಟೆ. “ಬಂಗೇರ.”

ಗುಲಾಬಿ ಚಹಾದ ಲೋಟವನ್ನು ಕೆಳಗಿಟ್ಟಳು. “ನಮ್ಮದೂ ಬಂಗೇರ ಅಲ್ವಾ” ಎಂದಳು. ಆಮೇಲೆ ಹೆಚ್ಚು ಹೊತ್ತು ಕೂರಲಿಲ್ಲ.

ಚೈತಾಲಿ ಕೋಣೆ ಸೇರಿದಳು. ಕೆಲಸಕ್ಕೆ ಹೋಗುವುದು, ಬಂದು ಮಲಗುವುದು. ಬಟ್ಟಲು ಇಟ್ಟಲ್ಲೇ ಇರುತ್ತಿತ್ತು. “ನೀನು ಬೇರೆ ಯಾವುದಾದರೂ ಬರಿಯಲ್ಲಿ ಹುಟ್ಟಬಾರದಿತ್ತಾ ಅಮ್ಮ?” ಎಂದು ಒಮ್ಮೆ ಕೇಳಿದಳು. ನಾನು ಹುಟ್ಟಿದ್ದು ಬಂಗೇರ ಬರಿಯಲ್ಲಿ ಅಲ್ಲವೇ ಅಲ್ಲ.

ನನ್ನನ್ನು ಹೆತ್ತವಳು ರಾಚವ್ವ, ಬಾದಾಮಿ ಕಡೆಯವಳು. ಇಲ್ಲಿ ದೊಡ್ಡ ರಸ್ತೆ ಹಾಕುವಾಗ ಜಲ್ಲಿ ಹೊರಲು ಬಂದವಳು. ನನ್ನ ಅಪ್ಪ ಅವಳನ್ನು ಮೆಚ್ಚಿ, ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿ ಮನೆಗೆ ತಂದ. ನಾನು ನಡೆಯಲು ಕಲಿಯುವ ಮೊದಲೇ ಜ್ವರದಲ್ಲಿ ಹೋದಳು. ಅಪ್ಪನ ಅಕ್ಕ ಕಲ್ಯಾಣಿ ನನ್ನನ್ನು ಎತ್ತಿಕೊಂಡಳು, ಕೇಳಿದವರಿಗೆಲ್ಲ ತನ್ನ ಹೊಟ್ಟೆಯ ಮಗಳೆಂದಳು, ತನ್ನ ಬಂಗೇರ ಬರಿಯನ್ನು ನನಗೆ ಅಂಟಿಸಿದಳು. ನನ್ನ ಮದುವೆಯ ಹಿಂದಿನ ದಿನ ಅಡುಗೆಮನೆಗೆ ಕರೆದು ಇದಿಷ್ಟನ್ನು ಹೇಳಿ, “ಇದು ನಿನ್ನ ಬಾಯಿಯಿಂದ ಹೊರಗೆ ಬಂದರೆ ನಿನಗೂ ಬರಿ ಇಲ್ಲ, ನಿನಗೆ ಹುಟ್ಟುವುದಕ್ಕೂ ಇಲ್ಲ” ಎಂದಳು. ನನ್ನ ತಾಯಿ ನೋಡಲು ಹೇಗಿದ್ದಳೆಂದು ಕೇಳಿದೆ. “ಕಪ್ಪಗಿದ್ದಳು” ಎಂದಳು, ಅಷ್ಟೇ. ಕಲ್ಯಾಣಿ ನನ್ನನ್ನು ಪ್ರೀತಿಯಿಂದ ಸಾಕಿದ್ದಾಳೆ, ಇಲ್ಲವೆನ್ನಲಾರೆ. ಆದರೆ ಆ ಒಂದು ಉತ್ತರವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೀಗಿತ್ತು ನನ್ನ ಸ್ಥಿತಿ. ಬಾಯಿ ಮುಚ್ಚಿದರೆ ಮಗಳ ಮದುವೆ ಇಲ್ಲ. ಬಾಯಿ ಬಿಟ್ಟರೆ ಅಪ್ಪಿಯ ಕೈಗೆ ನಾನೇ ಕತ್ತಿ ಕೊಟ್ಟ ಹಾಗೆ. ಘಟ್ಟದ ಮೇಲಿನ ಕೂಲಿಯವರೆಂದರೆ ಅವಳಿಗೆ ಮೊದಲೇ ಆಗದು. ಪಕ್ಕದ ಮನೆಯ ಕಂಪೌಂಡು ಕಟ್ಟಲು ಬಾಗಲಕೋಟೆಯ ಕಡೆಯವರು ಬಂದಿದ್ದರು. ಒಬ್ಬಳು ಹೆಂಗಸು ಬೇಲಿಯ ಬಳಿ ಬಂದು “ಅಕ್ಕಾರ, ಸ್ವಲ್ಪ ನೀರ ಕೊಡ್ರಿ” ಎಂದಾಗ ಅಪ್ಪಿ ಪೇಂಟಿನ ಹಳೇ ಡಬ್ಬಿಯಲ್ಲಿ ನೀರು ಕೊಟ್ಟು, ಆಮೇಲೆ ಆ ಡಬ್ಬಿಯನ್ನೂ ಬಿಸಾಡಿದಳು. ಕಸದ ರಾಶಿಯ ಮೇಲೆ ಬಿದ್ದ ಅದನ್ನು ನಾನು ಎಷ್ಟೋ ದಿನ ನೋಡುತ್ತಿದ್ದೆ.

ಧಾರಾವಾಹಿಯಲ್ಲಿ ಆ ವಾರ ದೊಡ್ಡ ಗದ್ದಲ. ಪಲ್ಲವಿ ಪ್ರೀತಿಸಿದ ಹುಡುಗನ ತಂದೆಯೂ ಅವಳ ತಂದೆಯೂ ಒಬ್ಬನೇ ಎಂದು ಗೊತ್ತಾಗಿ ಇಡೀ ಕಲ್ಲೂರು ಎದೆ ಬಡಿದುಕೊಳ್ಳುತ್ತಿತ್ತು. ದೇವೀರಮ್ಮ ಕಂಬ ಹಿಡಿದು ಅಳುತ್ತಿದ್ದಳು. ಅಪ್ಪಿಗೆ ಅದು ಅರ್ಥವೇ ಆಗಲಿಲ್ಲ.

“ಇವರಿಗೆಲ್ಲ ಮರುಳಾ?” ಎಂದು ಟಿವಿಯನ್ನು ಕೇಳಿದಳು. “ಅಪ್ಪ ಒಬ್ಬನೇ ಆದರೆ ಎಂತ ಆಯಿತು? ತಾಯಂದಿರು ಬೇರೆ, ಬರಿ ಬೇರೆ. ಧಾರೆ ಎರೆದು ಕಳಿಸುವುದು ಬಿಟ್ಟು ಕೂತು ಅಳುವುದಾ? ಕಷ್ಟ ಬಂದದ್ದು ನಮ್ಮ ಹುಡುಗಿಗೆ. ತಾಯಿಯೇ ಅಡ್ಡ ಬಂದಿದ್ದಾಳೆ ಅವಳಿಗೆ. ಸುಮಿತ್ರಾ, ನಿನಗಿಂತ ಕೆಟ್ಟ ಕಾಲ್ಗುಣದವಳು ನಮ್ಮ ಮನೆಯಲ್ಲೇ ಇದ್ದಾಳೆ.”

ಒಳಗಿನ ಕೋಣೆಯಲ್ಲಿ ಚೈತಾಲಿ ಬಿಕ್ಕುವುದು ಕೇಳಿಸಿತು. ನನ್ನ ತಲೆ ಕಾದುಹೋಯಿತು. ಮುಂದೆ ಏನಾಗುತ್ತದೆಂದು ನೋಡುವ ತಾಳ್ಮೆ ನನಗೆ ಯಾವತ್ತೂ ಇಲ್ಲ, ಅವತ್ತಂತೂ ಇರಲಿಲ್ಲ.

“ದೇವೀರಮ್ಮ, ಇಲ್ಲಿ ಕೇಳಿ” ಎಂದೆ. “ನಿಮ್ಮ ತಮ್ಮನ ಹೆಂಡತಿ ಬಂಗೇರ ಅಲ್ಲ. ಅವಳ ತಾಯಿ ಈ ಊರಿನವಳೇ ಅಲ್ಲ. ರಾಚವ್ವ ಅಂತ ಹೆಸರು, ಬಾದಾಮಿಯವಳು. ನೀವು ದಿನಾ ಉಡುಪಿಗೆ ಹೋಗುವ ರಸ್ತೆಗೆ ಜಲ್ಲಿ ಹೊತ್ತವಳು. ಆದ್ದರಿಂದ ಹುಡುಗಿಗೂ ಹುಡುಗನಿಗೂ ಬರಿಯ ತೊಂದರೆ ಇಲ್ಲ. ಈಗ ಅಳುವುದು ನಿಲ್ಲಿಸಿ.”

ಅಪ್ಪಿ ರಿಮೋಟಿನಲ್ಲಿ ಟಿವಿಯ ಸ್ವರ ತೆಗೆದಳು. ದೇವೀರಮ್ಮ ಸದ್ದಿಲ್ಲದೆ ಅಳುತ್ತಲೇ ಇದ್ದಳು. ಮೂರು ವರ್ಷದಲ್ಲಿ ಮೊದಲ ಸಲ ಅಪ್ಪಿ ನನ್ನ ಮುಖ ನೋಡಿ, ತುಳುವಿನಲ್ಲೇ ಕೇಳಿದಳು. “ಯಾರ ಕಥೆ ಇದು?”

“ನನ್ನದು.”

“ಇಷ್ಟು ವರ್ಷ ನಮ್ಮ ಕುಟುಂಬದ ನಾಗನಿಗೆ ಹಾಲೆರೆಯುವಾಗ ನೀನು ಹತ್ತಿರವೇ ನಿಲ್ತಿದ್ದಿ.”

“ನಿಲ್ತಿದ್ದೆ. ನಾಗ ಏನೂ ಹೇಳಲಿಲ್ಲ. ಹೇಳುವುದು ನೀವು ಮಾತ್ರ.”

ಅವಳು ರಿಮೋಟನ್ನು ಕುರ್ಚಿಯ ಕೈಯ ಮೇಲಿಟ್ಟಳು. “ವಿಠಲನಿಗೆ ಗೊತ್ತಿತ್ತಾ?”

“ಗೊತ್ತಿತ್ತು. ಮದುವೆಯಾದ ವಾರವೇ ಹೇಳಿದ್ದೆ. ಇದನ್ನು ಅಕ್ಕನಿಗೆ ಮಾತ್ರ ಹೇಳಬೇಡ ಎಂದಿದ್ದರು.”

ಅದು ಅವಳಿಗೆ ತಾಗಿತು. ನನ್ನ ತಾಯಿಯ ವಿಷಯಕ್ಕಿಂತ ತಮ್ಮ ತನ್ನಿಂದ ಮುಚ್ಚಿಟ್ಟದ್ದೇ ಹೆಚ್ಚು ನೋವಾಗಿರಬೇಕು. ಚೈತಾಲಿ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳ ಮುಖದಲ್ಲಿ ನಾನು ಹುಡುಕಿದ್ದು ಅಜ್ಜಿಯ ಬಗ್ಗೆ ಒಂದು ಪ್ರಶ್ನೆ. ಅವಳು ಕೇಳಿದ್ದು, “ಹಾಗಾದರೆ ಪ್ರಖ್ಯಾತ್‌ಗೆ ಈಗಲೇ ಫೋನ್ ಮಾಡಲಾ?”

“ಮುಚ್ಚು ಬಾಯಿ” ಎಂದಳು ಅಪ್ಪಿ. “ಒಂದೇ ಬರಿ ಎಂದಾಗ ಗುಲಾಬಿ ಎದ್ದು ಹೋದಳು ಅಷ್ಟೇ. ಬರಿಯೇ ಇಲ್ಲ, ಘಟ್ಟದ ಕೂಲಿಯವಳ ಮೊಮ್ಮಗಳು ಎಂದರೆ ಊರಿಡೀ ಹೇಳಿಕೊಂಡು ಹೋಗ್ತಾಳೆ. ನಾನು ನೋಡ್ತೇನೆ. ಇವಳು ಮಾತ್ರ ಸುಮ್ಮನಿರಲಿ.” ಇವಳು ಎಂದರೆ ನಾನು.

ಕೆಲವು ದಿನ ಅಪ್ಪಿ ಏನೂ ಮಾಡಲಿಲ್ಲ. ಟಿವಿ ನೋಡಿದಳು, ಯಾರಿಗೂ ಬೈಯಲಿಲ್ಲ. ಆ ಶುಕ್ರವಾರ ಕಲ್ಲೂರಿನಲ್ಲಿ ಎಲ್ಲ ತಿರುವುಮುರುವಾಯಿತು. ಪಲ್ಲವಿ ಸುಮಿತ್ರಾಳ ಮಗಳೇ ಅಲ್ಲವಂತೆ. ದೇವೀರಮ್ಮ ಗಂಡನನ್ನು ಬಿಟ್ಟು ಬಂದಾಗ ಬಸುರಿಯಾಗಿದ್ದಳಂತೆ, ಮಾನಕ್ಕೆ ಅಂಜಿ ಹೆತ್ತ ಮಗುವನ್ನು ತಮ್ಮನ ಹೆಂಡತಿಯ ಮಡಿಲಿಗೆ ಹಾಕಿದ್ದಳಂತೆ. ಇಡೀ ಕಲ್ಲೂರು ಮತ್ತೆ ಅತ್ತಿತು, ಈ ಸಲ ಸಂತೋಷಕ್ಕೆ. ಮರುದಿನ ಬೆಳಿಗ್ಗೆ ಅಪ್ಪಿ ರೇಷ್ಮೆಯ ಪಟ್ಟೆಸೀರೆ ಉಟ್ಟು, ಶಂಕರಪುರದ ಮಲ್ಲಿಗೆ ಕಟ್ಟಿಸಿಕೊಂಡು, ಒಬ್ಬಳೇ ಕಾರ್ಕಳದ ಬಸ್ಸು ಹತ್ತಿದಳು.

ಸಂಜೆ ಬಂದವಳು ಕೊಡೆ ಮಡಚುತ್ತ ಹೇಳಿದಳು, “ಗುಲಾಬಿ ಒಪ್ಪಿದಳು.”

ಚೈತಾಲಿ ಓಡಿ ಬಂದು ಅವಳನ್ನು ತಬ್ಬಿದಳು. ನಾನು ಕೇಳಿದೆ, “ಏನು ಹೇಳಿ ಒಪ್ಪಿಸಿದಿರಿ?”

“ಚೈತಾಲಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದೆ. ಗಂಡನನ್ನು ಬಿಟ್ಟು ಬಂದ ಮೇಲೆ ಹುಟ್ಟಿದ್ದು, ಜನರ ಬಾಯಿಗೆ ಹೆದರಿ ವಿಠಲನ ಹೆಂಡತಿಯ ಕೈಗೆ ಕೊಟ್ಟೆ ಎಂದೆ. ನಮ್ಮದು ಕುಂದರ್ ಬರಿ. ಹುಡುಗಿಯದೂ ಕುಂದರ್. ಬಂಗೇರನಿಗೆ ಕುಂದರ್ ಆಗ್ತದೆ.”

ನನಗೆ ನಗಬೇಕೋ ಅವಳ ಜುಟ್ಟು ಹಿಡಿಯಬೇಕೋ ಗೊತ್ತಾಗಲಿಲ್ಲ. “ವರ್ಷದ ಲೆಕ್ಕವಾದರೂ ಬೇಡವಾ? ನೀವು ಗಂಡನನ್ನು ಬಿಟ್ಟು ಬಂದಾಗ ನಾನಿನ್ನೂ ಶಾಲೆಗೆ ಹೋಗ್ತಿದ್ದೆ. ಇಂಥ ಸುಳ್ಳನ್ನು ಯಾರು ನಂಬ್ತಾರೆ?”

“ಗುಲಾಬಿ ನಂಬಿದಳು. ವರ್ಷ ಕೇಳಲಿಲ್ಲ. ನನ್ನ ಕೈ ಹಿಡಿದು ಅತ್ತಳು. ಇಷ್ಟು ಕಾಲ ಹೇಗೆ ತಡೆದುಕೊಂಡಿರಿ ಅಪ್ಪಿಯಕ್ಕ ಎಂದಳು.”

ನಂಬದೆ ಏನು? ಅದೇ ಕಥೆಯನ್ನು ಹಿಂದಿನ ಸಂಜೆಯೇ ಅವಳೂ ನೋಡಿ ಅತ್ತಿದ್ದಳು. ಬಾದಾಮಿಯ ರಾಚವ್ವ ನಿಜವಾಗಿ ಇದ್ದವಳು, ಅವಳನ್ನು ಹೇಳುವ ಹಾಗಿಲ್ಲ. ಯಾರೋ ಬೆಂಗಳೂರಿನಲ್ಲಿ ಕೂತು ಬರೆದ ಸುಳ್ಳು ಕಾರ್ಕಳದಲ್ಲಿ ಮರ್ಯಾದೆಯ ಮಾತಾಯಿತು. ನನ್ನ ಗಂಡ ಒಂದೇ ದಿನದಲ್ಲಿ ತಂದೆಯಿಂದ ಸೋದರಮಾವನಾದ. ನಾನು ಹಾಲು ಕೊಟ್ಟು ಸಾಕಿದ ಹೆಂಗಸಾದೆ.

“ಆಗುವುದಿಲ್ಲ” ಎಂದೆ. “ನನ್ನ ತಾಯಿಯನ್ನು ಕಲ್ಯಾಣಿ ಒರೆಸಿ ಹಾಕಿದಳು. ನನ್ನನ್ನು ನೀವು ಒರೆಸಿ ಹಾಕಬೇಡಿ. ನನ್ನ ಮಗಳಿಗೆ ನಾನೇ ತಾಯಿ. ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ.”

“ಬಿಟ್ಟರೆ ಬಿಡಲಿ ಎನ್ನಲಿಕ್ಕೆ ಮದುವೆ ನಿನ್ನದಾ?” ಎಂದಳು ಅಪ್ಪಿ. “ಗಂಡನನ್ನು ಬಿಟ್ಟು ಕದ್ದು ಹೆತ್ತವಳು ಎಂಬ ಹೆಸರು ನನಗೆ ಬಂತು. ಈ ವಯಸ್ಸಿನಲ್ಲಿ ನಾನು ಅದನ್ನು ಹೊರುವುದಾದರೆ ನಿನಗೆ ಸುಮ್ಮನಿರಲಿಕ್ಕೂ ಆಗುವುದಿಲ್ಲವಾ?”

ಆ ಮಾತು ನನ್ನನ್ನು ಇನ್ನಷ್ಟು ಉರಿಸಿತು. ಅವಳು ಕೊಟ್ಟದ್ದು ಸಣ್ಣದಲ್ಲ. ಆದರೆ ಕೊಟ್ಟ ಕೈಯಿಂದಲೇ ಕಿತ್ತುಕೊಂಡಿದ್ದಳು. ಮಕ್ಕಳಿಲ್ಲದ ಅಪ್ಪಿಗೆ ಮಗಳು ಬಂದಳು, ಆ ಮನೆಗೆ ಹೆಣ್ಣು ಬಂತು, ಅವಳ ಬರಿ ಉಳಿಯಿತು. ನಾನು ಆ ಮನೆಯಲ್ಲಿ ಮೊದಲಿಗಿಂತಲೂ ಯಾರೂ ಅಲ್ಲದವಳಾದೆ.

ನಾನು ಚೈತಾಲಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತ ಹೇಳಿದಳು, “ಅಮ್ಮ, ನೀನು ನನ್ನ ಅಮ್ಮ ಅಂತ ನನಗೆ ಗೊತ್ತುಂಟಲ್ಲ. ಅಷ್ಟು ಸಾಕಲ್ವಾ?”

ಸಾಕಾಗಲಿಲ್ಲ. ಆದರೂ “ಆಯಿತು” ಎಂದೆ. ಅವಳು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಮದುವೆ ಕಾರ್ಕಳದ ಹಾಲ್‌ನಲ್ಲಿ ನಡೆಯಿತು. ಧಾರೆ ಎರೆಯಲು ಅಪ್ಪಿ ನಿಂತಳು. ವಿಧವೆ ನಿಲ್ಲುವ ಹಾಗಿಲ್ಲ, ಅದಕ್ಕೆ ಅತ್ತೆ ನಿಂತಳು ಎಂದು ಕಾಪುವಿನಿಂದ ಬಂದವರು ಅಂದುಕೊಂಡರು. ನಾನು ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತು, ನನ್ನ ಮಗಳ ಕೈಯ ಮೇಲೆ ಬೇರೆಯವಳು ನೀರೆರೆಯುವುದನ್ನು ನೋಡಿದೆ. ವಾಲಗದವರು ಊದಿದರು, ಜನ ಅಕ್ಕಿ ಎಸೆದರು. ನಾನೂ ಎಸೆದೆ. ದೂರ ಇದ್ದುದರಿಂದ ನನ್ನ ಅಕ್ಕಿ ಅವಳ ತಲೆಯವರೆಗೆ ಹೋಗಲಿಲ್ಲ, ಮುಂದಿನ ಸಾಲಿನ ಯಾರದೋ ಕೋಟಿನ ಮೇಲೆ ಬಿತ್ತು.

ಎಲ್ಲ ಮುಗಿದ ಮೇಲೆ ಗುಲಾಬಿ ಮಂಟಪದಿಂದ ಇಳಿದು ನನ್ನ ಹತ್ತಿರ ಬಂದಳು. ಹಿಂದೆಯೇ ಮದುಮಗಳು, ಮದುಮಗ, ಅಪ್ಪಿ, ಗುಲಾಬಿಯ ಕಡೆಯ ಒಂದಿಷ್ಟು ನೆಂಟರು. ಗುಲಾಬಿಯ ಕೈಯಲ್ಲಿ ಒಂದು ಸೀರೆ. ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪ್ರೀತಿಯಿಂದಲೇ ಹೇಳಿದಳು. “ಹೆತ್ತವರಿಗೆ ಕೊಟ್ಟಾಯಿತು. ಇದು ಹಾಲು ಕುಡಿಸಿದ ಋಣಕ್ಕೆ. ನಿಮ್ಮನ್ನೂ ಮರೆಯುವ ಹಾಗಿಲ್ಲ ಅಲ್ವಾ.”

ಮನೆಗೆಲಸದವಳಿಗೆ ಕೊಡುವ ಸೀರೆ ಯಾವುದು, ನೆಂಟರಿಗೆ ಕೊಡುವ ಸೀರೆ ಯಾವುದು ಎಂದು ನಮ್ಮೂರಿನಲ್ಲಿ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ.

“ಹೆತ್ತವಳು ನಾನು” ಎಂದೆ. ಗಟ್ಟಿಯಾಗಿಯೇ ಎಂದೆ. “ಅಪ್ಪಿ ಹೇಳಿದ್ದು ಟಿವಿಯ ಕಥೆ. ಚೈತಾಲಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ನಾನು ಬಂಗೇರ ಅಲ್ಲ, ಕುಂದರ್ ಅಲ್ಲ, ಯಾವ ಬರಿಯೂ ಅಲ್ಲ. ನನ್ನ ತಾಯಿ ಬಾದಾಮಿಯ ರಾಚವ್ವ. ಜಲ್ಲಿ ಹೊತ್ತವಳು.”

ಗುಲಾಬಿ ನನ್ನನ್ನು ನೋಡಿದಳು, ಅಪ್ಪಿಯನ್ನು ನೋಡಿದಳು. ಅಪ್ಪಿ ಒಂದು ಕ್ಷಣವೂ ತಡಮಾಡಲಿಲ್ಲ. ಮುಂದೆ ಬಂದು ನನ್ನ ಭುಜದ ಮೇಲೆ ಕೈ ಇಟ್ಟಳು, ಇಷ್ಟು ವರ್ಷದಲ್ಲಿ ನನ್ನನ್ನು ಅವಳು ಮುಟ್ಟಿದ್ದು ಅದೇ ಮೊದಲು. “ಬೇಜಾರು ಮಾಡಬೇಡಿ ಗುಲಾಬಿ. ತಮ್ಮ ಹೋದ ಮೇಲಿನಿಂದ ಇವಳ ತಲೆ ಸರಿ ಇಲ್ಲ. ಮದ್ದು ಉಂಟು. ಇವತ್ತು ತೆಗೆದುಕೊಂಡಿಲ್ಲ ಎಂದು ಕಾಣ್ತದೆ.”

ಜನ ಪಾಪ ಎಂಬಂತೆ ನನ್ನನ್ನು ನೋಡಿದರು. ಗುಲಾಬಿಗೆ ಮಾತ್ರ ಸಮಾಧಾನವಾಗಲಿಲ್ಲ. ಅವಳು ಸೊಸೆಯ ಕಡೆ ತಿರುಗಿದಳು. “ಹೌದಾ ಮಗಾ? ನೀನು ಹೇಳು. ಯಾರು ಹೇಳಿದ್ದು ಸರಿ?”

ಚೈತಾಲಿಯ ತಲೆಯ ತುಂಬ ಮಲ್ಲಿಗೆ, ಕುತ್ತಿಗೆಯಲ್ಲಿ ಹೊಸ ಕರಿಮಣಿ. ಪಕ್ಕದಲ್ಲಿ ಪ್ರಖ್ಯಾತ್ ಏನೂ ತಿಳಿಯದೆ ನಿಂತಿದ್ದ. ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು. ಜಗಳಕ್ಕೆ ನಾನು ಯಾವತ್ತೂ ಹೆದರಿದವಳಲ್ಲ, ಆದರೆ ಆ ಬಾಯಿಯಿಂದ ಏನು ಬರುತ್ತದೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನನ್ನನ್ನು ಅಮ್ಮ ಎಂದರೆ ಅವಳ ಸಂಸಾರ ಅಲ್ಲೇ ಮುರಿಯುತ್ತದೆ. ಅಲ್ಲ ಎಂದರೆ ನಾನು ಉಳಿಯುವುದಿಲ್ಲ.

ನಾನು ಕೈ ಚಾಚಿ ಗುಲಾಬಿಯ ಕೈಯಿಂದ ಆ ಸೀರೆಯನ್ನು ತೆಗೆದುಕೊಂಡೆ. “ಹುಡುಗಿಯನ್ನು ಯಾಕೆ ಕೇಳ್ತೀರಿ?” ಎಂದೆ. “ನನಗೆ ಕೆಲವೊಮ್ಮೆ ಹೀಗಾಗ್ತದೆ. ಅಪ್ಪಿಯಕ್ಕ ಹೇಳಿದ್ದು ಸರಿ.”

ಚೈತಾಲಿ ನನ್ನನ್ನು ತಡೆಯಲಿಲ್ಲ.